ವಯಸ್ಸಾದ ನಾಯಿಯ ಒಣ ಮೂಗು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಕೆಂಚನಿಗೆ ಈಗ 13 ವರ್ಷ. ಜಾತಿ ಗೀತಿ ಏನಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮರಿ. ಹತ್ತು ದಾಟಿದ ಮೇಲೆ ಅವನ ಮೂಗಿನ ಮೇಲ್ಭಾಗ ಒಣಗಿ ಹುಣಸೆ ಮರದ ತೊಗಟೆ ಹಾಗಾಯಿತು. ಆಗಿನಿಂದ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದ್ದಾರೆ. ಕೆಲವನ್ನು ಮಾಡಿ ನೋಡಿದೆ, ಕೆಲವನ್ನು ಮಾಡಿ ಕೆಟ್ಟೆ. ಈಗ ನಾಯಿ ಸಾಕಿದ ನೆಂಟರಿಷ್ಟರು ನನ್ನನ್ನೇ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹೇಳಿದ್ದನ್ನು ಮೂರು ವರ್ಷದಿಂದ ದಿನಾ ಮಾಡುತ್ತಿರುವವಳು, ಅಷ್ಟೇ.

ಮೂಗು ಒಣಗಿದೆ ಅಂದರೆ ಜ್ವರ ಅಂತಾನೇ ಅಲ್ವಾ?

ಅಲ್ಲ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಆರೋಗ್ಯವಾಗಿರುವ ನಾಯಿಯ ಮೂಗು ದಿನಕ್ಕೆ ಹತ್ತು ಸಲ ಒಣಗಿ, ಹತ್ತು ಸಲ ಒದ್ದೆಯಾಗುತ್ತದೆ. ನಿದ್ದೆಯಲ್ಲಿ ನೆಕ್ಕಿಕೊಳ್ಳುವುದಿಲ್ಲ, ಹಾಗಾಗಿ ಎದ್ದಾಗ ಒಣಗಿರುತ್ತದೆ. ಬಿಸಿಲಲ್ಲಿ ಮಲಗಿದರೂ ಅಷ್ಟೇ. ಅದೇ ರೀತಿ, ಮೈಯಲ್ಲಿ ಜ್ವರ ಇದ್ದರೂ ಮೂಗು ಒದ್ದೆಯಾಗಿ ತಣ್ಣಗೆ ಇರಬಹುದು.

ಜ್ವರ ನೋಡಬೇಕಾದರೆ ಥರ್ಮಾಮೀಟರೇ ಬೇಕು. ನಾಯಿಗೆ ಅಂತಲೇ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ತುದಿಗೆ ಸ್ವಲ್ಪ ವ್ಯಾಸಲೀನ್ ಸವರಿ, ಬಾಲದ ಕೆಳಗೆ ಒಂದು ಇಂಚಿನಷ್ಟು ಒಳಗೆ ಹಾಕಿ ನೋಡಬೇಕು. ನಾಯಿಯ ಮೈ ನಮ್ಮದಕ್ಕಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಯನ್ನು ನೀವೇ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು.

ಅಷ್ಟಕ್ಕೂ ನಾಯಿ ಮೂಗು ಒದ್ದೆ ಯಾಕೆ ಇರಬೇಕು?

ವಾಸನೆಗೆ. ಗಾಳಿಯಲ್ಲಿ ತೇಲಿ ಬರುವ ವಾಸನೆಯ ಕಣಗಳು ಒದ್ದೆ ಮೂಗಿಗೆ ಚೆನ್ನಾಗಿ ಅಂಟುತ್ತವೆ. ಮೂಗಿನ ಒಳಗಿನ ಗ್ರಂಥಿಗಳಿಂದ ತೆಳ್ಳನೆಯ ನೀರು ಬರುತ್ತದೆ, ಕಣ್ಣೀರಿನ ನಾಳ ಮೂಗಿಗೇ ಬಂದು ಸೇರುತ್ತದೆ, ಮೇಲಿಂದ ನಾಲಿಗೆಯ ಕೆಲಸ ಬೇರೆ. ತಣ್ಣಗಿರುವುದಕ್ಕೂ ಒಂದು ಉಪಯೋಗ ಇದೆಯಂತೆ. ಸ್ವೀಡನ್ ಮತ್ತು ಹಂಗೇರಿಯ ಸಂಶೋಧಕರು 2020ರಲ್ಲಿ ತೋರಿಸಿದ ಪ್ರಕಾರ, ನಾಯಿ ಆ ತಣ್ಣನೆ ಮೂಗಿನಿಂದ ಸ್ವಲ್ಪ ದೂರದಲ್ಲಿರುವ ಬೆಚ್ಚಗಿನ ವಸ್ತುವಿನ ಕಾವನ್ನೂ ಗುರುತಿಸಬಲ್ಲದು. ಕೆಂಚ ಕಣ್ಣು ಮುಚ್ಚಿಕೊಂಡೇ ರೊಟ್ಟಿ ಹಂಚಿನ ಕಡೆ ತಿರುಗುವುದನ್ನು ನೋಡಿದ ನನಗೆ ಇದೇನೂ ಆಶ್ಚರ್ಯ ಅನಿಸಲಿಲ್ಲ.

ವಯಸ್ಸಾದ ಮೇಲೆಯೇ ಯಾಕೆ ಹೀಗಾಗುತ್ತದೆ?

ನಮ್ಮ ಹಿಮ್ಮಡಿ ನೆನಪಿಸಿಕೊಳ್ಳಿ. ನಾಯಿಯ ಮೂಗಿನ ಮೇಲೂ ನಮ್ಮ ಉಗುರಿನಲ್ಲಿರುವಂಥ ಗಟ್ಟಿ ವಸ್ತುವಿನ ಪದರ ಇರುತ್ತದೆ. ಅದಕ್ಕೆ ಕೆರಾಟಿನ್ ಅನ್ನುತ್ತಾರೆ. ಹಳೇ ಪದರ ಉದುರಿ ಹೊಸದು ಬರುತ್ತಿರಬೇಕು. ವಯಸ್ಸಾದಂತೆ ಕೆಲವು ನಾಯಿಗಳಲ್ಲಿ ಹಳೆಯದು ಸರಿಯಾಗಿ ಉದುರುವುದಿಲ್ಲ, ಒಂದರ ಮೇಲೊಂದು ಕೂರುತ್ತದೆ. ಡಾಕ್ಟರುಗಳು ಇದಕ್ಕೆ ಹೈಪರ್‌ಕೆರಟೋಸಿಸ್ ಅನ್ನುತ್ತಾರೆ. ಮೂಗಿನ ಮೇಲಂಚಿನಲ್ಲಿ ಇದು ಜಾಸ್ತಿ, ಯಾಕೆಂದರೆ ನಾಲಿಗೆ ಅಲ್ಲಿಗೆ ಅಷ್ಟಾಗಿ ತಾಗುವುದಿಲ್ಲ. ಎಷ್ಟೋ ನಾಯಿಗಳಲ್ಲಿ ಪಾದದ ಮೆತ್ತೆಯೂ ಜೊತೆಗೇ ಒರಟಾಗುತ್ತದೆ. ನಿಮ್ಮ ನಾಯಿಯ ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿ.

ಇನ್ನೊಂದು ಕಾರಣ, ಮುದಿ ನಾಯಿಗಳು ಬೆಚ್ಚಗಿನ ಜಾಗ ಹುಡುಕುತ್ತವೆ. ನಮ್ಮ ಕೆಂಚನ ಜಾಗ ಬಚ್ಚಲ ಒಲೆ. ಬೆಳಿಗ್ಗೆ ನೀರು ಕಾಯಿಸಿ ಬೆಂಕಿ ಆರಿದ ಮೇಲೆ ಒಲೆಯ ಬಾಯಿಗೆ ಮೂತಿ ಇಟ್ಟು ಮಲಗುತ್ತಾನೆ. ಮಧ್ಯಾಹ್ನ ಎದ್ದಾಗ ಮೂಗಿನ ಬಿರುಕಿನೊಳಗೆಲ್ಲ ಬೂದಿ. ಎರಡು ತಿಂಗಳು ನಾನು ಅದನ್ನು ಯಾವುದೋ ಬಿಳಿ ಫಂಗಸ್ ಅಂದುಕೊಂಡಿದ್ದೆ! ಪೇಟೆ ಮನೆಗಳಲ್ಲಿ ಈ ಒಲೆಯ ಕೆಲಸವನ್ನು ಎಸಿ ಮತ್ತು ಫ್ಯಾನ್ ಮಾಡುತ್ತವೆ. ಹಾಸಿಗೆಯನ್ನು ನಾಲ್ಕು ಅಡಿ ಆಚೆ ಸರಿಸಿದರೆ ಎಷ್ಟೋ ಸಲ ಅರ್ಧ ಸಮಸ್ಯೆ ಮುಗಿಯುತ್ತದೆ.

ಮನೆಯಲ್ಲಿ ಏನು ಮಾಡಬಹುದು? ಒಂದೇ ಮಾತಲ್ಲಿ ಹೇಳಿ.

ಮೊದಲು ನೀರು, ಆಮೇಲೆ ಎಣ್ಣೆ.

ನಾನು ಮೊದಲ ವರ್ಷ ಮಾಡಿದ ತಪ್ಪು ಇದೇ. ಒಣಗಿದ ಮೂಗಿಗೆ ನೇರವಾಗಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಮೂಗು ಫಳಫಳ ಹೊಳೆಯುತ್ತಿತ್ತು, ನನಗೆ ಖುಷಿ. ಆದರೆ ಒರಟು ಹಾಗೇ ಉಳಿದು, ಒಂದು ದಿನ ಬಿರುಕು ಬಿಟ್ಟು ರಕ್ತ ಬಂತು. ಎಣ್ಣೆ ತೇವ ಕೊಡುವುದಿಲ್ಲ, ಇರುವ ತೇವ ಆರದಂತೆ ಮುಚ್ಚಳ ಹಾಕುತ್ತದೆ. ಒಳಗೆ ತೇವವೇ ಇಲ್ಲದಿದ್ದರೆ ಮುಚ್ಚಳದಿಂದ ಏನು ಪ್ರಯೋಜನ?

ಈಗ ಮಾಡುವುದು ಹೀಗೆ. ಹಳೇ ಬನಿಯನ್ನಿನ ಒಂದು ತುಂಡು, ಒಂದು ಬಟ್ಟಲು ಉಗುರುಬೆಚ್ಚಗಿನ ನೀರು. ಬಿಸಿ ಎಷ್ಟಿರಬೇಕು ಅಂದರೆ ನಿಮ್ಮ ಮುಂಗೈ ಮೇಲೆ ಸುರಿದುಕೊಂಡರೆ ಬಿಸಿಯೂ ಅಲ್ಲ, ತಂಪೂ ಅಲ್ಲ ಅನಿಸಬೇಕು. ಬಟ್ಟೆ ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಮೂಗಿನ ಮೇಲ್ಭಾಗಕ್ಕೆ ಒತ್ತಿ ಹಿಡಿಯಿರಿ. ಹೊಳ್ಳೆ ಮುಚ್ಚಬಾರದು, ಮುಚ್ಚಿದರೆ ನಾಯಿ ಗಾಬರಿಯಾಗಿ ಮತ್ತೆಂದೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ತಣ್ಣಗಾದಂತೆ ಮತ್ತೆ ಅದ್ದಿ. ಒಟ್ಟು 5ರಿಂದ 10 ನಿಮಿಷ. ಮೇಲಿನ ಪದರ ನೆನೆದ ಅವಲಕ್ಕಿ ಹಾಗೆ ಮೆತ್ತಗಾಗುತ್ತದೆ. ಬಟ್ಟೆಯಿಂದಲೇ ಹಗುರಾಗಿ ಸವರಿ, ತಾನಾಗಿ ಬಂದಷ್ಟು ಬರಲಿ. ತೇವ ಆರುವ ಮೊದಲೇ ಅರ್ಧ ಕಡಲೆಕಾಳಿನಷ್ಟು ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ತೆಳ್ಳಗೆ ಹಚ್ಚಿ.

ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಹತ್ತು ದಿನ. ಮೆತ್ತಗಾದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು.

ಕೊಬ್ಬರಿ ಎಣ್ಣೆ ಒಳ್ಳೆಯದೋ, ವ್ಯಾಸಲೀನ್ ಒಳ್ಳೆಯದೋ?

ತೇವ ಹಿಡಿದಿಡುವುದರಲ್ಲಿ ವ್ಯಾಸಲೀನ್ ಮುಂದು. ಬಹಳ ಒರಟಾದ ಮೂಗಿಗೆ ನಾನು ಅದನ್ನೇ ಹೇಳುತ್ತೇನೆ. ಬಣ್ಣ, ಪರಿಮಳ ಏನೂ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಇರಲಿ. ಸ್ವಲ್ಪ ನೆಕ್ಕಿದರೆ ಏನಾಗುವುದಿಲ್ಲ, ಡಬ್ಬಿಗೇ ಬಾಯಿ ಹಾಕಿದರೆ ಭೇದಿ ಗ್ಯಾರಂಟಿ.

ಕೊಬ್ಬರಿ ಎಣ್ಣೆ ಸುಮಾರಾಗಿ ಒಣಗಿದ ಮೂಗಿಗೆ ಸಾಕು. ಅಡುಗೆಗೆ ಬಳಸುವ ಶುದ್ಧ ಎಣ್ಣೆಯೇ ಆಗಬೇಕು. ಮಲ್ಲಿಗೆ, ಕರ್ಪೂರ, ಬಾದಾಮಿ ಅಂತೆಲ್ಲ ಬರೆದಿರುವ ತಲೆಗೆ ಹಚ್ಚುವ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ ಅನ್ನುವುದು ಡಿಸೆಂಬರಿನಲ್ಲಿ ಶೀಸೆ ತಲೆಕೆಳಗು ಮಾಡಿದವರಿಗೆಲ್ಲ ಗೊತ್ತು. ಹೆಪ್ಪುಗಟ್ಟಿದ ಎಣ್ಣೆ ಹಚ್ಚಲು ಇನ್ನೂ ಸುಲಭ, ಬೆರಳ ತುದಿಯಲ್ಲಿ ತೆಗೆದರೆ ಮೂಗಿನ ಮೇಲೆ ತಾನೇ ಕರಗುತ್ತದೆ.

ಹಚ್ಚಿದ ತಕ್ಷಣ ನೆಕ್ಕಿಬಿಡುತ್ತದೆ. ಏನು ಮಾಡಲಿ?

ಊಟಕ್ಕೆ ಸ್ವಲ್ಪ ಮುಂಚೆ ಹಚ್ಚಿ. ಅನ್ನ ಬೆರೆಸುವ ಸದ್ದು ಕೇಳುತ್ತಿದ್ದರೆ ನಾಯಿಗೆ ಮೂಗಿನ ನೆನಪು ಇರುವುದಿಲ್ಲ. ಇಲ್ಲವೇ ರಾತ್ರಿ ಕಣ್ಣು ಎಳೆಯುತ್ತಿರುವಾಗ ಹಚ್ಚಿ. ಹತ್ತು ನಿಮಿಷ ನಿಂತರೂ ಸಾಕು. ದಪ್ಪಗೆ ಹಚ್ಚಿದಷ್ಟೂ ನೆಕ್ಕುವುದು ಜಾಸ್ತಿ, ಹಾಗಾಗಿ ತೆಳ್ಳಗೇ ಇರಲಿ.

ಅಜ್ಜಿ ಬೆಣ್ಣೆ ಹಚ್ಚು ಅಂತಾರೆ. ಹರಳೆಣ್ಣೆ, ಬೇವಿನೆಣ್ಣೆ, ಅರಿಶಿನ, ಲೋಳೆಸರ, ಜೇನು?

ಅಜ್ಜಿಯರ ಮೇಲೆ ನನಗೆ ಗೌರವ ಇದೆ, ಆದರೆ ಅವರ ಮದ್ದುಗಳನ್ನು ನೆಕ್ಕುವ ರೋಗಿಗಾಗಿ ಮಾಡಿದ್ದಲ್ಲ! ನಾಯಿಯ ವಿಷಯದಲ್ಲಿ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಇದನ್ನು ಮನಸ್ಸಲ್ಲಿಟ್ಟುಕೊಂಡರೆ ಉತ್ತರ ತಾನಾಗಿ ಸಿಗುತ್ತದೆ.

ಬೆಣ್ಣೆ, ತುಪ್ಪ ಹಚ್ಚಿದರೆ ಅದು ಮದ್ದಲ್ಲ, ತಿಂಡಿ. ಒಂದು ನಿಮಿಷವೂ ನಿಲ್ಲುವುದಿಲ್ಲ. ಮೇಲಾಗಿ ಜಿಡ್ಡು ಜಾಸ್ತಿಯಾದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ, ಅದು ಚಿಕ್ಕ ಕಾಯಿಲೆಯಲ್ಲ. ಹರಳೆಣ್ಣೆ ಮೂಗಿಗೆ ಹಚ್ಚಿ, ಬೆಳಿಗ್ಗೆ ಜಗಲಿ ತೊಳೆದವರನ್ನು ನಾನು ಬಲ್ಲೆ. ಬೇವಿನೆಣ್ಣೆ ಕಹಿ, ಘಾಟು, ಬಿರುಕಿಗೆ ತಾಗಿದರೆ ಉರಿ. ವಾಸನೆಯ ಮೇಲೇ ಬದುಕುವ ಪ್ರಾಣಿಯ ಮೂಗಿಗೆ ಬೇವಿನೆಣ್ಣೆ ಅಂದರೆ, ನಮ್ಮ ಕಣ್ಣಿಗೆ ಇಪ್ಪತ್ತನಾಲ್ಕು ಗಂಟೆ ಟಾರ್ಚ್ ಬಿಟ್ಟ ಹಾಗೆ. ಅರಿಶಿನದ ಪುಡಿ ತೇವ ಹೀರಿ ಇನ್ನಷ್ಟು ಒಣಗಿಸುತ್ತದೆ, ಸೋಫಾ ಹಳದಿಯಾಗುವುದು ಬೇರೆ ಮಾತು. ಲೋಳೆಸರದ ಒಳಗಿನ ಬಿಳಿ ತಿರುಳು ತಂಪೇ, ಆದರೆ ಸಿಪ್ಪೆಯಡಿಯ ಹಳದಿ ರಸ ಹೊಟ್ಟೆಗೆ ಹೋದರೆ ವಾಂತಿ ಭೇದಿ. ಮನೆಯಲ್ಲಿ ಕುಯ್ಯುವಾಗ ಅದು ಬೆರೆಯದೆ ಇರುವುದು ಕಷ್ಟ. ನಾನು ಬಿಟ್ಟುಬಿಟ್ಟೆ. ಜೇನು ಹಚ್ಚಿದರೆ ಇರುವೆ.

ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆ, ನೆಗಡಿಗೆ ಹಚ್ಚುವ ಬಾಮು ಇವುಗಳನ್ನು ಹತ್ತಿರವೂ ತರಬೇಡಿ. ಟೀ ಟ್ರೀ ಎಣ್ಣೆ ನಾಯಿಗೆ ವಿಷ, ಕರ್ಪೂರವೂ ಅಷ್ಟೇ.

ನಮ್ಮ ಲಿಪ್ ಬಾಮ್, ಕೋಲ್ಡ್ ಕ್ರೀಮ್, ಮೆಡಿಕಲ್ ಶಾಪಿನ ಮುಲಾಮು?

ಕೆಲವು ಲಿಪ್ ಬಾಮುಗಳಲ್ಲಿ ಸಿಹಿಗೆಂದು ಕ್ಸೈಲಿಟಾಲ್ ಹಾಕಿರುತ್ತಾರೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಧಡಕ್ಕನೆ ಇಳಿಸುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮುಗಳಲ್ಲಿ, ಮಕ್ಕಳ ಡೈಪರ್ ಕ್ರೀಮಿನಲ್ಲಿ ಜಿಂಕ್ ಆಕ್ಸೈಡ್ ಇರುತ್ತದೆ, ನೆಕ್ಕಿದರೆ ಅದೂ ಅಪಾಯ.

ಮುಲಾಮಿನ ಕಥೆ ನನ್ನದೇ. ಕೆಂಚನ ಮೂಗು ಬಿರುಕು ಬಿಟ್ಟಾಗ ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ. ‘ಇದು ಎಲ್ಲಾದಕ್ಕೂ ಆಗುತ್ತೆ ಮೇಡಂ’ ಅಂತ ಒಂದು ಟ್ಯೂಬ್ ಕೊಟ್ಟರು. ನಾಲ್ಕು ದಿನ ಬಹಳ ಚೆನ್ನಾಗಿ ಕಂಡಿತು. ಮೂರನೇ ವಾರಕ್ಕೆ ಮೂಗಿನ ಅಂಚು ತೆಳ್ಳಗಾಗಿ ಕೆಂಪಗಾಯಿತು. ಡಾಕ್ಟರ್ ಟ್ಯೂಬ್ ತಿರುಗಿಸಿ ಓದಿ, ಇದರಲ್ಲಿ ಗಟ್ಟಿ ಸ್ಟಿರಾಯ್ಡ್ ಇದೆ ಅಂದರು. ಸ್ಟಿರಾಯ್ಡ್ ಕೆಟ್ಟದ್ದು ಅಂತಲ್ಲ, ಕೆಲವು ಕಾಯಿಲೆಗೆ ಅದೇ ಮದ್ದು. ಆದರೆ ಯಾವ ಕಾಯಿಲೆ ಅಂತ ಗೊತ್ತಿಲ್ಲದೆ ಹಚ್ಚಿದರೆ ಚರ್ಮವೂ ಹಾಳು, ಕಾಯಿಲೆಯ ಗುರುತೂ ಅಳಿಸಿ ಹೋಗುತ್ತದೆ.

ಮೂಗಿನ ಒಳಗೆ ಎರಡು ಹನಿ ಎಣ್ಣೆ ಬಿಡಬಹುದಾ?

ಬೇಡವೇ ಬೇಡ. ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮುದಿ ನಾಯಿಗಂತೂ ಅದನ್ನು ತಡೆಯುವ ಶಕ್ತಿ ಕಡಿಮೆ. ನಮಗೆ ನಸ್ಯ ಮಾಡಿಸಿಕೊಂಡು ಹಗುರ ಅನಿಸಿರಬಹುದು, ನಾಯಿಗೆ ಹೊರಗಡೆ ಮಾತ್ರ.

ಹಕ್ಕಳೆ ಕಿತ್ತು ತೆಗೆಯಲಾ?

ಉಗುರು, ಬ್ಲೇಡು, ಕಲ್ಲು ಯಾವುದೂ ಬೇಡ. ಕೆಳಗೆ ಹಸಿ ಚರ್ಮ ಇರುತ್ತದೆ, ರಕ್ತ ಬರುತ್ತದೆ, ಕೀವಾಗುತ್ತದೆ. ತೀರಾ ಕೊಂಬಿನ ಹಾಗೆ ಬೆಳೆದಿದ್ದರೆ ಡಾಕ್ಟರ್ ಕತ್ತರಿಸಿ ಕೊಡುತ್ತಾರೆ.

ನೀರು ಕಡಿಮೆ ಕುಡಿಯುವುದರಿಂದ ಹೀಗಾಗುತ್ತಾ?

ಆಗಬಹುದು, ಆದರೆ ನೀರಿನ ಕೊರತೆಯನ್ನು ಮೂಗಿನಲ್ಲಿ ಅಲ್ಲ, ಒಸಡಿನಲ್ಲಿ ನೋಡಬೇಕು. ತುಟಿ ಎತ್ತಿ ಒಸಡು ಮುಟ್ಟಿ. ಜಾರುವಂತಿದ್ದರೆ ಸರಿ, ಬೆರಳಿಗೆ ಅಂಟಿದರೆ ನೀರು ಕಡಿಮೆಯಾಗಿದೆ. ಕುತ್ತಿಗೆಯ ಚರ್ಮ ಎಳೆದು ಬಿಡುವ ಪರೀಕ್ಷೆ ಮುದಿ ನಾಯಿಯಲ್ಲಿ ನಂಬುವ ಹಾಗಿಲ್ಲ, ಆ ಚರ್ಮ ಮೊದಲೇ ಸಡಿಲ.

ದಿನಕ್ಕೆ ಒಂದು ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು. 15 ಕಿಲೋದ ನಾಯಿಗೆ ಮುಕ್ಕಾಲು ಲೀಟರಿನಿಂದ 900 ಮಿಲಿ. ಇದರಲ್ಲಿ ಅನ್ನ, ಸಾರಿನೊಳಗಿನ ನೀರೂ ಸೇರಿತು. ಸಂಧಿವಾತ ಇರುವ ನಾಯಿ ಬಾಯಾರಿದರೂ ಎದ್ದು ಹೋಗುವುದಿಲ್ಲ, ಹಾಗಾಗಿ ಮಲಗುವ ಕಡೆಯಲ್ಲೆಲ್ಲ ಒಂದೊಂದು ಬಟ್ಟಲು ಇಡಿ. ಮಣ್ಣಿನದೋ ಸ್ಟೀಲಿನದೋ ಇರಲಿ. ಪ್ಲಾಸ್ಟಿಕ್ ತಟ್ಟೆಯಿಂದಲೇ ಕೆಲವು ನಾಯಿಗಳ ಮೂಗು, ತುಟಿ ಕೆರಳುತ್ತದೆ.

ಇದಕ್ಕೆ ಉಲ್ಟಾ, ಕಿಲೋಗೆ 100 ಮಿಲಿಗಿಂತ ಜಾಸ್ತಿ ಕುಡಿಯುತ್ತಾ, ರಾತ್ರಿ ಎದ್ದೆದ್ದು ಉಚ್ಚೆ ಹೊಯ್ಯುತ್ತಿದ್ದರೆ ಖುಷಿಪಡಬೇಡಿ. ಕಿಡ್ನಿ, ಸಕ್ಕರೆ ಕಾಯಿಲೆ ಎರಡೂ ಹೀಗೇ ಶುರುವಾಗುವುದು. ರಕ್ತ ಪರೀಕ್ಷೆ ಮಾಡಿಸಿ.

ಊಟದಲ್ಲಿ ಏನಾದರೂ ಬದಲಾಯಿಸಬೇಕಾ?

ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಒಂದು ಬೂತಾಯಿ ಮೀನು ವಾರಕ್ಕೆ ಒಂದೆರಡು ಸಲ ಕೊಡಬಹುದು, ಚರ್ಮಕ್ಕೆ ಒಳ್ಳೆಯದು. ಮುಳ್ಳು ನೋಡಿಕೊಳ್ಳಿ. ಜಿಂಕ್ ಮಾತ್ರೆ, ವಿಟಮಿನ್ ಮಾತ್ರೆಗಳನ್ನು ಸುಮ್ನೆ ಕೊಡಬೇಡಿ.

ಒಂದೇ ಹೊಳ್ಳೆ ಒಣಗಿದೆ, ಇನ್ನೊಂದು ಒದ್ದೆಯಾಗೇ ಇದೆ. ಇದೇನು?

ಇದು ಮನೆಮದ್ದಿನ ವಿಷಯ ಅಲ್ಲ. ಮೂಗಿನ ಗ್ರಂಥಿಗೆ ಹೋಗುವ ನರ ಕಿವಿಯ ಒಳಭಾಗದ ಪಕ್ಕದಲ್ಲೇ ಹಾದುಹೋಗುತ್ತದೆ. ಹಳೇ ಕಿವಿ ಸೋಂಕಿನಿಂದ ಆ ನರಕ್ಕೆ ಪೆಟ್ಟಾದರೆ ಅದೇ ಕಡೆಯ ಹೊಳ್ಳೆ ಒಣಗಿ ಹಕ್ಕಳೆ ಕಟ್ಟುತ್ತದೆ. ಅದೇ ಕಡೆಯ ಕಣ್ಣೂ ಒಣಗಿ, ಅಂಟು ಅಂಟು ಪಿಸುರು ಬರಬಹುದು. ಕಿವಿ ವಾಸನೆ ಬರುತ್ತಿದೆಯಾ, ತಲೆ ಒಂದು ಕಡೆ ವಾಲಿದೆಯಾ ನೋಡಿ. ಡಾಕ್ಟರಿಗೆ ಹೇಳುವಾಗ ‘ಮೂಗು ಒಣಗಿದೆ’ ಅನ್ನಬೇಡಿ, ‘ಎಡಗಡೆ ಮಾತ್ರ ಒಣಗಿದೆ’ ಅನ್ನಿ. ಆ ಒಂದು ಮಾತಿನಿಂದ ಅವರು ಎಲ್ಲಿ ಹುಡುಕಬೇಕು ಅನ್ನುವುದೇ ಬದಲಾಗುತ್ತದೆ.

ಕಪ್ಪು ಮೂಗು ಬಿಳಿಚಿಕೊಳ್ಳುತ್ತಿದೆ. ವಯಸ್ಸಿನದೇ ಇರಬಹುದಾ?

ಬಣ್ಣ ಮಾತ್ರ ಮಾಸಿದ್ದು, ಚರ್ಮ ಮೊದಲಿನ ಹಾಗೇ ಇದ್ದರೆ ಅಷ್ಟು ಹೆದರಬೇಕಿಲ್ಲ. ಬೆಳಕಿಗೆ ಹಿಡಿದು ನೋಡಿ. ಆರೋಗ್ಯವಾದ ಮೂಗಿನ ಮೇಲೆ ಹಲಸಿನ ಹಣ್ಣಿನ ಸಿಪ್ಪೆಯನ್ನು ಚಿಕ್ಕದು ಮಾಡಿದಂತೆ ಸಣ್ಣ ಸಣ್ಣ ಗುಳ್ಳೆ, ನಡುವೆ ಗೆರೆ ಇರುತ್ತವೆ. ಆ ಗುಳ್ಳೆ ಗೆರೆ ಅಳಿಸಿ ನುಣ್ಣಗಾಗಿ, ಬೂದು ಬಣ್ಣಕ್ಕೆ ತಿರುಗಿ, ಹುಣ್ಣಾಗುತ್ತಿದ್ದರೆ ಮೈಯ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದಿರಬಹುದು. ಲೂಪಸ್, ಪೆಂಫಿಗಸ್ ಅಂತ ಅವುಗಳ ಹೆಸರು. ಲೂಪಸ್ ಬಿಸಿಲಿಗೆ ಹೆಚ್ಚಾಗುತ್ತದೆ, ಜರ್ಮನ್ ಶೆಫರ್ಡ್‌ಗಳಲ್ಲಿ ಜಾಸ್ತಿ. ಅಪರೂಪಕ್ಕೆ ಕ್ಯಾನ್ಸರ್ ಕೂಡ ವಾಸಿಯಾಗದ ಹುಣ್ಣಿನ ರೂಪದಲ್ಲೇ ಬರುತ್ತದೆ. ಚೂರು ಚರ್ಮ ತೆಗೆದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುವುದು.

ಮೂಗಿನಿಂದ ರಕ್ತ ಬಂತು. ಒಣಗಿದ್ದಕ್ಕೇ ಇರಬಹುದಲ್ವಾ?

ಮೇಲಿನ ಬಿರುಕಿನಿಂದ ಒಂದು ಹನಿ ಬಂದರೆ ಇರಬಹುದು. ಹೊಳ್ಳೆಯ ಒಳಗಿಂದ ಬಂದರೆ ಖಂಡಿತ ಅಲ್ಲ. ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದ್ದು ಉಣ್ಣೆ ಕಡಿತದಿಂದ ಬರುವ ಜ್ವರವನ್ನು. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ ಸುರಿಯುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮಲೆನಾಡಿನವರಿಗೆ ಇನ್ನೊಂದಿದೆ, ನೀರಿನ ಉಂಬಳ, ಅಂದರೆ ಜಿಗಣೆ. ಹಳ್ಳದಲ್ಲಿ ನೀರು ಕುಡಿಯುವಾಗ ಹೊಳ್ಳೆಯೊಳಗೆ ಸೇರಿಕೊಂಡು ವಾರಗಟ್ಟಲೆ ಇರುತ್ತದೆ. ಒಂದೇ ಹೊಳ್ಳೆಯಿಂದ ತೊಟ್ಟು ತೊಟ್ಟು ರಕ್ತ, ಬಿಡದೆ ಸೀನು. ನೀರಿನ ಬಟ್ಟಲು ಮುಂದಿಟ್ಟಾಗ ಹೊರಗೆ ಇಣುಕುವುದನ್ನು ನಾನೇ ನೋಡಿದ್ದೇನೆ. ಹೊಗೆಸೊಪ್ಪಿನ ನೀರು ಬಿಡುವ ಹಳೇ ಪದ್ಧತಿ ಬೇಡ, ನಿಕೋಟಿನ್ ವಿಷ. ಡಾಕ್ಟರ್ ಚಿಮಟದಲ್ಲಿ ಹಿಡಿದು ಎಳೆಯುತ್ತಾರೆ.

ನಮ್ಮದು ಪಗ್, ನಮ್ಮದು ಲ್ಯಾಬ್ರಡಾರ್ (ಲ್ಯಾಬ್). ವ್ಯತ್ಯಾಸ ಇದೆಯಾ?

ಪಗ್, ಬುಲ್‌ಡಾಗ್‌ಗಳ ಮೂತಿ ಮೊಟಕು, ನಾಲಿಗೆ ಮೂಗಿನ ಮೇಲಕ್ಕೆ ಸರಿಯಾಗಿ ಎಟುಕುವುದಿಲ್ಲ. ಅವಕ್ಕೆ ಇದು ಜೀವನಪರ್ಯಂತದ ಕೆಲಸ. ಲ್ಯಾಬ್‌ಗಳಲ್ಲಿ ಹುಟ್ಟಿನಿಂದಲೇ ಬರುವ ಒಂದು ಒಣ ಮೂಗಿನ ಕಾಯಿಲೆ ಇದೆ, ಆದರೆ ಅದು ಒಂದು ವರ್ಷ ತುಂಬುವುದರೊಳಗೆ ಕಾಣಿಸಿಕೊಳ್ಳುತ್ತದೆ. ಹತ್ತು ವರ್ಷದ ಲ್ಯಾಬಿಗೆ ಈಗ ತಾನೇ ಶುರುವಾಗಿದ್ದರೆ ಕಾರಣ ಬೇರೆ. ಯಾವ ಜಾತಿಯೇ ಇರಲಿ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಬಂದಾಗಲೂ ಮೂಗು, ಪಾದ ಗಟ್ಟಿಯಾಗುತ್ತವೆ. ಲಸಿಕೆ ತಪ್ಪಿಸಿದ ನಾಯಿಗೆ ಕೆಮ್ಮು, ಕಣ್ಣಲ್ಲಿ ಕೀವು, ಮೈ ಸೆಳೆತ ಜೊತೆಗಿದ್ದರೆ ಕಾಯಬೇಡಿ.

ಎಷ್ಟು ದಿನ ಮನೆಯಲ್ಲೇ ನೋಡಬಹುದು?

ನಾಯಿ ಉಂಡು, ಓಡಾಡಿಕೊಂಡು ಇದ್ದು, ಬರೀ ಒರಟು ಇದ್ದರೆ ಹತ್ತು ಹದಿನೈದು ದಿನ. ಶುರು ಮಾಡುವ ದಿನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ, ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಊಟ ಬಿಟ್ಟರೆ, ತೂಕ ಇಳಿದರೆ, ಪಾದವೂ ಬಿರಿದು ಕುಂಟಿದರೆ ಆ ಹದಿನೈದು ದಿನ ಕಾಯಬೇಡಿ. ಮುದಿ ನಾಯಿಗಳಲ್ಲಿ ಲಿವರ್ ಕೆಟ್ಟಾಗಲೂ ಮೂಗು, ಪಾದಗಳಲ್ಲಿ ಹೀಗೇ ಹಕ್ಕಳೆ ಕಟ್ಟುವುದುಂಟು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಚರ್ಮದ ಪರೀಕ್ಷೆ ಆಗದಿದ್ದರೆ ಶಿವಮೊಗ್ಗ, ಹಾಸನ, ಬೀದರ್ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಬರೆದುಕೊಡಲು ಕೇಳಿ.

ಪೂರ್ತಿ ವಾಸಿ ಆಗುತ್ತಾ?

ವಯಸ್ಸಿನಿಂದ ಬಂದದ್ದಾದರೆ ಇಲ್ಲ. ಮೆತ್ತಗೆ ಇಟ್ಟುಕೊಳ್ಳಬಹುದು, ಬಿಟ್ಟರೆ ಮತ್ತೆ ಬರುತ್ತದೆ. ಕಳೆದ ವರ್ಷ ತಂಗಿಯ ಮದುವೆ ಗಲಾಟೆಯಲ್ಲಿ ಮೂರು ವಾರ ಮರೆತೆ, ತೊಗಟೆ ವಾಪಸ್ ಬಂದಿತ್ತು. ಈಗ ಬಟ್ಟೆ, ಡಬ್ಬಿ ಎರಡನ್ನೂ ಬಚ್ಚಲ ಒಲೆಯ ಮೇಲಿನ ಗೂಡಿನಲ್ಲೇ ಇಟ್ಟಿದ್ದೇನೆ. ರೋಗಿ ಹೇಗೂ ಅಲ್ಲೇ ಮಲಗಿರುತ್ತಾನೆ.